ಎರಡು ಸಾಲು ಹೆಚ್ಚು

ದಾರ ಗಾಳಿಗೆ ಗುಂಯ್ ಎನ್ನುತ್ತಿದೆ, ಚರ್ಚಿನ ಹುಲ್ಲುಹಾಸಿನ ಈ ತುದಿಯಿಂದ ಆ ತುದಿಗೆ ಬಿಗಿದ ದಾರ, ಅದರ ಗುಂಟ ಬಿಳಿ ಬಳಿದ ಮರದ ಶಿಲುಬೆಗಳು ನೆಟ್ಟಗೆ ನಿಲ್ಲಬೇಕು, ಕಾನ್ಸಾಸಿನ ಗಾಳಿಗೆ ನೆಟ್ಟಗೆ ಅನ್ನುವುದೇ ಗೊತ್ತಿಲ್ಲ, ಲೀಲ್ಯಾಂಡ್ ಡ್ರೈಲಿಂಗ್ ರಬ್ಬರ್ ಸುತ್ತಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದು ಕಣ್ಣು ಮುಚ್ಚಿ ಸಾಲು ನೋಡಿದ — ಒಂದು ವಾಲಿದೆ, ವಾಲಲಿ, ಪ್ರತಿ ಅಕ್ಟೋಬರಿನಲ್ಲೂ ಒಂದು ವಾಲುತ್ತದೆ. ಹುಟ್ಟುವ ಮೊದಲೇ ತೆಗೆಸಲ್ಪಟ್ಟ ಮಕ್ಕಳ ಹೆಸರಿನಲ್ಲಿ, ಹೆಸರೇ ಇಲ್ಲದ ಮಕ್ಕಳ ಹೆಸರಿನಲ್ಲಿ, ಇಷ್ಟು ಮಂದಿಗೆ ಒಂದರಂತೆ ನೆಡುವ ಶಿಲುಬೆಗಳು, ಅವನ ಸ್ಕೌಟ್ ಹುಡುಗರೇ ನೆಡುತ್ತ ಬಂದದ್ದು, ಆ ಹುಡುಗರು ದೊಡ್ಡವರಾಗಿ ಈಗ ಅವರ ಹುಡುಗರು. ಈ ವರ್ಷ ಎರಡು ಸಾಲು ಹೆಚ್ಚು ಬೇಕಾಗತ್ತೆ ಲೀಲ್ಯಾಂಡ್, ಅಂದಿದ್ದರು ಫಾದರ್ ಆಂಬ್ರೋಸ್, ಬೈಗುಳ ತಿಂದವರ ಹಾಗೆ ನೆಲ ನೋಡುತ್ತ. ಹೆಚ್ಚು. ಕಡಿಮೆಯಾಗಬೇಕಿತ್ತಲ್ಲ. ಕೆಲ ವರ್ಷದ ಹಿಂದಿನ ಆ ಜೂನ್ ದಿನ ಅವನು ಗೋಧಿ ಕೊಯ್ಲಿನ ಯಂತ್ರದ ಮೇಲಿದ್ದ, ರೇಡಿಯೋದಲ್ಲಿ ದೊಡ್ಡ ಕೋರ್ಟಿನ ತೀರ್ಪು ಬಂತು, ಗರ್ಭಪಾತದ ವಿಷಯ ಇನ್ನು ಮೇಲೆ ಆಯಾ ರಾಜ್ಯದವರೇ ತೀರ್ಮಾನಿಸಲಿ ಎಂದು, ಯಂತ್ರ ನಿಲ್ಲಿಸಿ ಕೂಳೆಯ ಮೇಲೆ ಇಳಿದು ಟೋಪಿ ತೆಗೆದು ಅತ್ತಿದ್ದ, ಧೂಳು ಕೆನ್ನೆಯ ಮೇಲೆ ಕೆಸರಾಗುವಷ್ಟು, ಆಮೇಲೆ ಆಗಸ್ಟಿನಲ್ಲಿ ಅವನದೇ ರಾಜ್ಯ, ಅವನ ನೆರೆಯವರೇ, ಆ ಹಕ್ಕು ಉಳಿಯಲಿ ಎಂದು ಮತ ಹಾಕಿ ಅವನ ಕಡೆಯನ್ನು ಸೋಲಿಸಿದರು — ಎಲ್ಲಿ ಗೆದ್ದೆವು, ಎಲ್ಲಿ ಸೋತೆವು — ಸುತ್ತಲ ರಾಜ್ಯಗಳಲ್ಲಿ ಕ್ಲಿನಿಕ್ಕಿನ ಬಾಗಿಲು ಮುಚ್ಚಿದ್ದಕ್ಕೆ ಹೆದ್ದಾರಿಯಲ್ಲಿ ಟೆಕ್ಸಸ್ ನಂಬರಿನ ಕಾರುಗಳು, ಅದರೊಳಗೆ ಮುಂದಕ್ಕೇ ನೋಡುತ್ತ ಕೂತ ಎಳೆಯ ಮುಖಗಳು, ಉಳಿದದ್ದಕ್ಕೆ ಅಂಚೆಯಲ್ಲಿ ಬರುವ ಗರ್ಭ ಇಳಿಸುವ ಮಾತ್ರೆ. ಮೊದಲಾದರೆ ವಿಚಿಟಾಕ್ಕೆ ಹೋಗಿ ಕ್ಲಿನಿಕ್ಕಿನೆದುರು ಜಪಮಾಲೆ ಹಿಡಿದು ನಿಲ್ಲಬಹುದಿತ್ತು, ಈಗ ಅಂಚೆಪೆಟ್ಟಿಗೆಯೆದುರು ನಿಲ್ಲುವುದೇ. ನಂಗೆ ನಿನ್ ಲೆಕ್ಕ ತಿಳಿಯಲ್ಲ ಲೀಲ್ಯಾಂಡ್, ಅನ್ನುತ್ತಾಳೆ ಹೆಂಡತಿ ವರ್ನೀಟಾ, ಚರ್ಚಿನ ನೆಲಮಾಳಿಗೆಯಲ್ಲಿ ಬಡ ತಾಯಂದಿರಿಗೆ ಡಯಾಪರ್ ಕಟ್ಟು ಜೋಡಿಸುತ್ತ, ನಂಗೆ ತಿಳಿಯೋದು ಸೈಜು ಮಾತ್ರ, ಈ ತಿಂಗ್ಳು ಹೊಸ ಕೂಸಿನ ಸೈಜು ಸಾಲ್ದೇ ಬಂತು, ಅದಕ್ಕೆ ನೀನು ಖುಷಿಪಡು.

ಖುಷಿಪಡಬೇಕು, ಪಡುತ್ತಾನೆ, ಆದರೆ ಇವತ್ತು ಎದೆಯಲ್ಲಿ ಕೂತಿರುವುದು ಅದಲ್ಲ, ಕೋಲ್ಬಿಯ ಅಮ್ಮ ಜನೆಲ್ ಫೈಫರ್‌ಗೆ ಹೇಳಬೇಕಾದ ಮಾತು, ಹೋದ ವಾರ ಅವಳು ಫೋನು ಮಾಡಿ ಕೇಳಿದ್ದು, ಕೋಲ್ಬಿ ಹ್ಯಾಗೂ ನಿಮ್ ಸ್ಕೌಟ್ ತಂಡಕ್ಕೆ ಬರ್ತಾನಲ್ಲ, ಅವನ ತಂಗೀನೂ ಸೇರ್ಸ್ಕೋಬಹುದಾ, ದಿನಾ ಪೀಡಿಸ್ತಾಳೆ, ನಿಯಮಾನೇ ಈಗ ಬದಲಾಗಿದ್ಯಂತಲ್ಲ. ಬದಲಾಗಿದೆ. ಸ್ಕೌಟ್ ಸಂಸ್ಥೆ ಹೆಸರಲ್ಲಿದ್ದ ಹುಡುಗರು ಅನ್ನೋ ಪದಾನೇ ಕಿತ್ತಾಕಿದ್ಮೇಲೆ ಇನ್ನೇನು ಉಳೀತು ಹೇಳು, ಅಂದಿದ್ದ ತಂಡ ನಡೆಸುವ ಚರ್ಚ್ ಸಮಿತಿಯ ಆಲ್ವಿನ್, ಮಾಂಸ ಎಲೆಕೋಸು ತುಂಬಿದ ಬಿಸಿ ಬೀರಾಕ್ ಬನ್ನು ಕಚ್ಚಿ ಬಾಯಲ್ಲಿಟ್ಟುಕೊಂಡೇ, ಸಮಿತಿ ನಿಂಗೇ ಬಿಟ್ಟಿದೆಯಪ್ಪ, ನೀನು ಬೇಡ ಅಂದ್ರೆ ಬೇಡ. ಬೇಡ. ಆಲ್ವಿನ್ನನ ಕಾರಣಕ್ಕಲ್ಲ, ಗ್ಯಾರೆಟ್‌ನ ಕಾರಣಕ್ಕೆ — ಅಪ್ಪ ಬಿಟ್ಟುಹೋದ ವರ್ಷ ಶಿಬಿರದ ಬೆಂಕಿಯ ಪಕ್ಕ ಆ ಹುಡುಗ ಬಿಕ್ಕಿದನಲ್ಲ, ಸುಮ್ಮನಲ್ಲ, ಮೂಗು ಸೋರಿ ಭುಜ ಕುಣಿಯುವ ಹಾಗೆ, ಯಾರೂ ನಗಲಿಲ್ಲ, ಕೋಲ್ಬಿ ಎದ್ದು ತನ್ನ ಒಣ ಕಾಲುಚೀಲ ತಂದು ಅವನ ತೊಡೆಯ ಮೇಲಿಟ್ಟ, ಇನ್ನೊಬ್ಬ ಸೌದೆ ಸರಿಮಾಡಿದ, ಹುಡುಗಿಯೊಬ್ಬಳು ಅಲ್ಲಿದ್ದಿದ್ದರೆ ಗ್ಯಾರೆಟ್ ಅಳುತ್ತಿದ್ದನೇ, ಗಂಟಲಲ್ಲೇ ನುಂಗಿ ಗಂಡಸಿನ ವೇಷ ಹಾಕುತ್ತಿದ್ದ, ಈ ಊರಲ್ಲಿ ಹುಡುಗರಿಗೆ ವೇಷ ಕಳಚಲು ಇನ್ನೆಲ್ಲಿ ಜಾಗವಿದೆ. ಇದು ಅವನ ನಂಬಿಕೆ, ಈಗಲೂ, ಈ ಗಳಿಗೆಯಲ್ಲೂ, ಯಾರು ಹಳೆಕಾಲದವನು ಅಂದರೂ.

ಮಿಸ್ಟರ್ ಡ್ರೈಲಿಂಗ್, ಇದು ಸರಿಯಾಗಿದ್ಯಾ, ಅಂದಳು ಡಾರ್ಸಿ. ಅವಳೇ, ಆ ತಂಗಿ, ಹನ್ನೊಂದು ವರ್ಷ, ಅಣ್ಣನ ಹಳೇ ಜಾಕೆಟ್ಟು, ಹುಡುಗರಲ್ಲಿ ಅರ್ಧ ಫುಟ್ಬಾಲಿಗೆ ಹೋದದ್ದಕ್ಕೆ ಕೈ ಸಾಲದೆ ಕೋಲ್ಬಿ ಕರೆತಂದದ್ದು, ಕಳುಹಿಸಬೇಕಿತ್ತು, ಕಳುಹಿಸಲಿಲ್ಲ, ಬೆಳಗಿನಿಂದ ಅವಳು ಮಂಡಿಯೂರಿ ಶಿಲುಬೆ ಹಿಡಿಯುತ್ತಾಳೆ, ಅವನು ಬಡಿಯುತ್ತಾನೆ. ಸರಿಯಾಗಿದೆ ಮಗು. ಇನ್ನೊಂದು, ಟಪ್, ಟಪ್, ಮಣ್ಣು ಗಟ್ಟಿ, ಮಳೆ ಬಿದ್ದು ಎಷ್ಟು ದಿನವಾಯಿತೋ. ಇದ್ರಲ್ಲಿ ಹುಡುಗೀರು ಯಾವ್ದು. ಏನು. ಈ ಶಿಲುಬೇಲಿ, ಹುಡುಗೀರು ಯಾವ್ದು ಅಂತ. ಯಾರಿಗೂ ಗೊತ್ತಿಲ್ಲ ಡಾರ್ಸಿ, ದೇವರಿಗೆ ಗೊತ್ತು. ಅರ್ಧನಾದ್ರೂ ಇರ್ಬೇಕಲ್ವಾ, ಅಂದಳು, ವಾದಕ್ಕಲ್ಲ, ಹೊಲದಲ್ಲಿ ಯಾವ ಸಾಲಿಗೆ ಯಾವ ಬೀಜ ಎಂದು ಕೇಳುವ ಹಾಗೆ, ಹಾಗಾದ್ರೆ ಈ ಹೊಸ ಎರಡು ಸಾಲು ಹುಡುಗೀರದ್ದು ಅನ್ಕೊಳ್ತೀನಿ, ಎಂದು ವಾಲಿದ್ದನ್ನು ತಾನೇ ಹೋಗಿ ನೆಟ್ಟಗೆ ಮಾಡಿದಳು. ಅವನಿಗೆ ಮಗಳು ಕರೀನ್ ನೆನಪಾದಳು, ಯಾಕೆ ಈಗ, ಅವನು ತನ್ನಿಬ್ಬರು ಗಂಡುಮಕ್ಕಳನ್ನು ಶಿಬಿರಕ್ಕೆ ಹತ್ತಿಸಿಕೊಳ್ಳುವಾಗ ಪುಟ್ಟ ಕರೀನ್ ದಿಂಬು ಹೊದಿಕೆ ಸುತ್ತಿಕೊಂಡು ಟ್ರಕ್ಕಿನ ಪಕ್ಕ ನಿಂತಿರುತ್ತಿದ್ದಳು, ಪ್ರತಿ ಸಲವೂ, ನಿನಗಲ್ಲಮ್ಮ ಇದು, ಅಂದರೆ ಒಳಗೆ ಹೋಗುತ್ತಿದ್ದಳು, ಒಂದು ವರ್ಷ ಬಂದು ನಿಲ್ಲುವುದನ್ನೇ ಬಿಟ್ಟಳು, ಅವನಿಗೆ ಹಾಯೆನಿಸಿತ್ತು. ಈಗ ವಿಚಿಟಾದಲ್ಲಿ ನರ್ಸು. ಆಗಸ್ಟಿನ ಮತದಲ್ಲಿ ಅಪ್ಪನ ವಿರುದ್ಧ ಹಾಕಿದವಳು, ತಾನಾಗಿ ಹೇಳಿದಳು, ಬೇರೆ ಯಾರಿಂದಾನೋ ಗೊತ್ತಾಗೋದು ಬೇಡ ಡ್ಯಾಡಿ ಅಂತ ನಾನೇ ಹೇಳ್ತಿದೀನಿ, ಅಂದಿನಿಂದ ಫೋನಿನಲ್ಲಿ ಇಬ್ಬರೂ ಹವೆಯ ಸುದ್ದಿ ಮಾತಾಡುತ್ತಾರೆ, ಅಲ್ಲಿ ಗಾಳಿ ಹ್ಯಾಗಿದೆ, ಇಲ್ಲೂ ಹಾಗೇ.

ಕಾರು ಬಂತು, ಜನೆಲ್, ಗಾಜು ಇಳಿಸಿದಳು, ಕೆಲಸದ ಸಮವಸ್ತ್ರದಲ್ಲೇ, ಏನ್ ಹೇಳ್ತೀರಿ ಮಿಸ್ಟರ್ ಡ್ರೈಲಿಂಗ್. ವಾರದಿಂದ ಬಾಯಿಪಾಠ ಮಾಡಿದ ಮಾತು ನಾಲಿಗೆಗೆ ಬರಲಿಲ್ಲ, ಬೇರೇನೋ ಬಂತು: ಹುಡುಗರ ತಂಡದೊಳಗೆ ಆಗಲ್ಲ ಜನೆಲ್, ಅದು ಅವರದ್ದಾಗೇ ಇರ್ಲಿ, ಆದ್ರೆ ಹುಡುಗೀರದ್ದೇ ಬೇರೆ ತಂಡ ಮಾಡೋಣ, ಅದಕ್ಕೂ ನಿಯಮ ಇದೆ, ಗಂಟು ಹಾಕೋದು ಬೆಂಕಿ ಹಾಕೋದು ಎಲ್ಲಾ ನಾನೇ ಕಲಿಸ್ತೀನಿ, ವರ್ನೀಟಾ ಜೊತೆಗಿರ್ತಾಳೆ — ವರ್ನೀಟಾಳನ್ನು ಕೇಳಿಯೇ ಇಲ್ಲ — ಐದು ಹುಡುಗೀರು ಸಿಕ್ಕಿದ್ರೆ ಸಾಕು. ಜನೆಲ್ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಅವನನ್ನು ನೋಡಿದಳು. ಈ ಊರಲ್ಲಿ ಅವಳ ವಯಸ್ಸಿನ ಹುಡುಗೀರು ಇರೋದೇ ಮೂರು, ಅದು ನಿಮಗೂ ಗೊತ್ತು. ಗೊತ್ತು. ಮಾತು ಬಾಯಿಂದ ಹೊರಡುವಾಗಲೇ ಗೊತ್ತಿತ್ತು. ಪಕ್ಕದೂರಲ್ಲೂ ಕೇಳ್ತೀನಿ ಅಂದ, ಕೇಳುತ್ತಾನೆ, ಸುಳ್ಳಲ್ಲ, ಪಕ್ಕದೂರಿನ ಶಾಲೆ ಮುಚ್ಚಿ ಎಷ್ಟು ಕಾಲವಾಯಿತು. ನೀವು ಕೆಟ್ಟವರಲ್ಲ ಮಿಸ್ಟರ್ ಡ್ರೈಲಿಂಗ್, ಅಂದಳು ಜನೆಲ್, ಅದಕ್ಕೇ ಕಷ್ಟ.

ಡಾರ್ಸಿ ಎಲ್ಲ ಕೇಳಿಸಿಕೊಂಡಿದ್ದಳು, ಸರಿ ಅಂದಳು ಅಷ್ಟೆ, ಅತ್ತಿದ್ದರೆ ಒಳ್ಳೆಯದಿತ್ತು, ಕಾಲು ನೆಲಕ್ಕೆ ಬಡಿದು ಜಗಳಕ್ಕೆ ನಿಂತಿದ್ದರೆ ಅವನಲ್ಲಿ ಉತ್ತರವಿತ್ತು, ಗ್ಯಾರೆಟ್ ಇದ್ದ, ಆ ಬೆಂಕಿ ಇತ್ತು. ಅಮ್ಮಾ ಒಂದ್ನಿಮಿಷ, ಕೊನೇದು ಉಳಿದಿದೆ, ಎಂದು ತಿರುಗಿ ಹೋಗಿ ಎರಡನೆಯ ಹೊಸ ಸಾಲಿನ ತುದಿಯಲ್ಲಿ ಮಂಡಿಯೂರಿದಳು, ಗಾಳಿ ಶಿಲುಬೆಯನ್ನು ಎಳೆಯುತ್ತಿದೆ, ಎರಡೂ ಕೈಯಲ್ಲಿ ಹಿಡಿದಳು, ಹಿಡಿದದ್ದು ತೀರ ಮೇಲೆ, ಬಡಿಯುವ ತಲೆಯ ಹತ್ತಿರಕ್ಕೇ, ಬೆರಳು ಕೆಳಗೆ ಮಾಡು ಅನ್ನಬೇಕು, ಅವನು ಸುತ್ತಿಗೆ ಎತ್ತಿದ್ದಾನೆ, ಉಗುರಿನ ನೀಲಿ ಬಣ್ಣ ಅರ್ಧ ಕಿತ್ತಿದೆ, ಬಿಳಿ ಮರದ ಮೇಲೆ ಬೆರಳುಗಳು ಚಳಿಗೆ ಕೆಂಪಾಗಿವೆ, ಅವಳು ಕಣ್ಣು ಮುಚ್ಚಿಲ್ಲ, ಸುತ್ತಿಗೆಯನ್ನೂ ನೋಡುತ್ತಿಲ್ಲ, ದಾರ ನೋಡುತ್ತಿದ್ದಾಳೆ, ನೆಟ್ಟಗಿದೆಯೇ ಎಂದು — ಬೆರಳು ಕೆಳಗೆ ಮಾಡು ಅನ್ನಬೇಕು, ಎತ್ತಿದ ಕೈ ಇಳಿಯುತ್ತಿಲ್ಲ, ಬೆರಳುಗಳು, ಅವನ ಏಟನ್ನು ನಂಬಿ ಒಂದಿಷ್ಟೂ ಅಲುಗದ ಬೆರಳುಗಳು