ಅವರೆ ಚಪ್ಪರಕ್ಕೆ ಹಬ್ಬಿದ ನೀಲಿ ಬಳ್ಳಿ

ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಪ್ರೇಮಕುಮಾರಿಗೆ ಹಾಸನದಲ್ಲಿ ಒಳ್ಳೆಯ ಹೆಸರಿತ್ತು. ಮದುವೆ ಗೊತ್ತಾದ ಮನೆಯವರು ಅರಕಲಗೂಡು, ಹೊಳೆನರಸೀಪುರಗಳಿಂದಲೂ ರೇಷ್ಮೆ ಸೀರೆ ಹಿಡಿದು ಅವಳ ಮನೆ ಹುಡುಕಿಕೊಂಡು ಬರುತ್ತಿದ್ದರು. ಬೇಸಿಗೆಯ ಕೊನೆಯಲ್ಲಿ ಊರಿಂದ ಬಂದ ನೆಂಟರಿಗೆ ನೀರಲ್ಲಿ ಮುಳುಗುವ ಹಳೇ ಚರ್ಚ್ ತೋರಿಸಲು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದಾಗ, ಹಿನ್ನೀರು ಇಳಿದು ಬಿಟ್ಟುಹೋದ ಕೆಸರಿನಲ್ಲಿ ಕಾಲು ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮೂಳೆ ಕೂಡಿತ್ತು. ಬೆರಳುಗಳು ಮಾತ್ರ ಮರದ ಕಡ್ಡಿಗಳ ಹಾಗೆ ಬಿಗಿದುಕೊಂಡಿದ್ದವು. ಹಿಸುಕುತ್ತಿರಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಡಿಸಿದರು. ಹಿಸುಕಿದರೆ ಜೀವ ಹೋಗುವಷ್ಟು ನೋವು. ಚೆಂಡು ಮಂಚದ ಕೆಳಗೆ ಉರುಳಿಹೋಯಿತು, ಅವಳೂ ಹುಡುಕಲಿಲ್ಲ.

ಗಂಡ ಬಸವೇಶ ಒಳ್ಳೆಯವನು. ಡಿಪೋ ಕೆಲಸಕ್ಕೆ ಹೋಗುವ ಮೊದಲೇ ಅಡುಗೆ ಮಾಡಿಡುತ್ತಿದ್ದ, ಹೆಂಡತಿಯ ತಲೆ ಬಾಚಿ ಜಡೆಯನ್ನೂ ಹಾಕುತ್ತಿದ್ದ. "ನೀನು ಸುಮ್ನೆ ಕೂತ್ಕೋ, ನಾನಿದ್ದೀನಲ್ಲ" ಎನ್ನುತ್ತಿದ್ದ. ಬಂದವರೆಲ್ಲ "ಅಯ್ಯೋ, ಎಂಥಾ ಕೈಯಿತ್ತು" ಎಂದು ಮರುಗಿ ಹೋಗುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಸೀರೆಗಳನ್ನೆಲ್ಲ ಅವಳು ಬೇರೆಯವರಿಗೆ ಕಳಿಸಿಬಿಟ್ಟಳು. ರೇಷ್ಮೆ ದಾರದ ಡಬ್ಬವನ್ನು ಅಟ್ಟಕ್ಕೆ ಹಾಕಿಸಿದಳು.

ಬೀಳುವುದಕ್ಕೆ ಸ್ವಲ್ಪ ದಿನ ಮುಂಚೆ ನರ್ಸರಿಯಿಂದ ಮಾರ್ನಿಂಗ್ ಗ್ಲೋರಿ ಬೀಜ ತಂದು ಕಾಂಪೌಂಡ್ ಗೋಡೆಯ ಪಕ್ಕ ಊರಿದ್ದಳು. ಬೆಳಿಗ್ಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುವ ನೀಲಿ ಹೂ, ಗೋಡೆಯ ಮೇಲೆ ಚೆಂದ ಕಾಣಲಿ ಎಂದು. ಬಳ್ಳಿಗೆ ದಾರ ಕಟ್ಟಿ, ತುದಿ ಚಿವುಟಿ ಹತೋಟಿಯಲ್ಲಿಡಬೇಕಿದ್ದವಳು ಕೈಗೆ ಕಟ್ಟು ಹಾಕಿಸಿಕೊಂಡು ಒಳಗೆ ಕೂತಳು. ಮಳೆ ಚೆನ್ನಾಗಿ ಹಿಡಿಯಿತು. ಬಳ್ಳಿ ಗೋಡೆ ಹತ್ತಿತು, ದಾಸವಾಳವನ್ನು ಸುತ್ತಿತು, ಆಮೇಲೆ ಆಚೆಮನೆಗೆ ದಾಟಿತು.

ಆಚೆಮನೆಯಲ್ಲಿದ್ದ ಮುದುಕಿಯ ಹೆಸರೇ ದೊಡ್ಡಮ್ಮ. ಕಟ್ಟಾಯದ ಕಡೆಯ ರೈತರ ಮನೆಯವಳು; ಮಗ ದೇವರಾಜನ ಜೊತೆ ಹಾಸನಕ್ಕೆ ಬಂದರೂ ಮನೆ ಹಿಂದಿನ ಅಂಗೈಯಗಲ ಜಾಗದಲ್ಲಿ ಚಪ್ಪರ ಹಾಕಿ ಸೊಗಡವರೆ ಹಬ್ಬಿಸುವುದನ್ನು ಬಿಟ್ಟಿರಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಅವಳ ಗಂಟಲು ಕೇಳಿತು.

"ಲೇ ಪ್ರೇಮಾ, ಒಳಗೇನ್ ಮಾಡ್ತಾ ಕುಂತಿದ್ದೀಯೆ? ಆಚಿಕ್ ಬಾ! ನಿನ್ ಬಳ್ಳಿ ನಮ್ಮ ಅವರೆ ಚಪ್ರನೇ ನುಂಗ್ಬುಟ್ಟೈತೆ!"

"ಕೈ ಸರಿಯಿಲ್ವಲ್ಲ ದೊಡ್ಡಮ್ಮ. ಸಂಜೆ ನಮ್ಮನೆಯವ್ರು ಬಂದು ಕಿತ್ತಾಕ್ತಾರೆ."

"ಅವ್ನು ಬುಡ ಇಡ್ದು ಎಳೀತಾನೆ, ನಿನ್ ಬಳ್ಳಿ ಜೊತೆ ನನ್ನ ಅವರೇನೂ ಕಿತ್ಕೊಂಡ್ ಬತ್ತದೆ. ನನ್ ಕಣ್ಗೆ ಯಾವ್ದು ಏನು ಅಂತ ಕಾಣಾಕಿಲ್ಲ. ಒಂದ್ ಕೈ ಕೆಟ್ರೆ ಇನ್ನೊಂದ್ ಐತಲ್ಲ, ಬಾ."

ತಿಂಗಳುಗಳಿಂದ ಯಾರೂ ಅವಳಿಗೆ ಒಂದು ಕೆಲಸ ಹೇಳಿರಲಿಲ್ಲ. ಸಿಟ್ಟು ಬಂತು, ಆದರೆ ತಪ್ಪು ತನ್ನ ಬಳ್ಳಿಯದು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಚಪ್ಪರ ನೋಡಿ ಅವಳಿಗೇ ನಾಚಿಕೆಯಾಯಿತು. ಮೇಲೆಲ್ಲ ನೀಲಿ ಹೂ, ಅವುಗಳ ಕೆಳಗೆ ಬೆಳಕಿಲ್ಲದೆ ಬಿಳಿಚಿಕೊಂಡ ಅವರೆ. ಎರಡೂ ಸುತ್ತುವ ಬಳ್ಳಿಗಳೇ. ಅವರೆಯದು ಮೂರೆಲೆ, ಇದರದು ಹೃದಯದಾಕಾರದ ಎಲೆ. ಅದನ್ನು ನೋಡಿಕೊಂಡೇ ಎಳೆ ಹಿಡಿಯಬೇಕು. ಎಳೆದರೆ ಅವರೆಯ ಹೂಗೊಂಚಲು ಮುರಿಯುತ್ತದೆ. ಕತ್ತರಿಸಿ ಹಾಗೇ ಬಿಟ್ಟರೆ ಒಣಗಿದ ಬಳ್ಳಿ ಇನ್ನಷ್ಟು ಬಿಗಿಯಾಗುತ್ತದೆ. ಒಂದೊಂದೇ ಎಳೆಯನ್ನು ಬುಡದಲ್ಲಿ ಕತ್ತರಿಸಿ, ಹಸಿ ಇರುವಾಗಲೇ ಅದು ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಸುತ್ತು ಬಿಚ್ಚುತ್ತಾ ಬರಬೇಕು.

ಮೊದಲ ದಿನ ಎಡಗೈಯಲ್ಲೇ ಬಿಚ್ಚಿದಳು. ಒಂದು ಮೂಲೆಯೂ ಮುಗಿಯಲಿಲ್ಲ. ದೊಡ್ಡಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳೇ ಹೊರತು ಪಾಪ ಎನ್ನಲಿಲ್ಲ. "ನಾಳೆ ಒತ್ತಾರೇನೇ ಬಾ. ಬಿಸ್ಲು ಬಂದ್ಮೇಲೆ ಸೊರಗೋಯ್ತದೆ, ಬಿಚ್ಚಾಕ್ ಬರಾಕಿಲ್ಲ" ಎಂದಳು.

ಮರುದಿನ ಹೋದಳು, ಅದರ ಮರುದಿನವೂ. ಬಿಚ್ಚಿದ ಬಳ್ಳಿಯನ್ನು ಚೀಲಕ್ಕೆ ತುಂಬುವುದು. ಹಸಿರು ಕಾಯಿಗಳನ್ನು ಒಣಗಿ ಸಿಡಿಯುವ ಮೊದಲೇ ಕಿತ್ತುಹಾಕುವುದು, ಇಲ್ಲದಿದ್ದರೆ ಬಿದ್ದ ಬೀಜವೆಲ್ಲ ಮತ್ತೆ ಮೊಳೆಯುತ್ತದೆ. ಬಿಚ್ಚಿದ ಕಡೆ ಎರಡೇ ದಿನಕ್ಕೆ ನೀಲಿ ಬಳ್ಳಿಯ ಹೊಸ ಕುಡಿ ಮತ್ತೆ ಇಣುಕುತ್ತಿತ್ತು.

ಹೀಗೇ ಒಂದು ಬೆಳಿಗ್ಗೆ ಹೂ ತುಂಬಿದ ಅವರೆ ಕುಡಿಯೊಂದು ಕೆಳಗೆ ಜೋತುಬಿತ್ತು. ಅದು ಮುರಿಯದಂತೆ ಎಡಗೈಯಲ್ಲಿ ಎತ್ತಿ ಹಿಡಿದಳು. ಬಿಚ್ಚುವುದಕ್ಕೆ ಉಳಿದದ್ದು ಬಲಗೈ. ಯೋಚಿಸದೆ ಅದನ್ನೇ ಚಾಚಿದಳು. ನೋವಾಯಿತು. ಆದರೆ ಹೆಬ್ಬೆರಳೂ ತೋರುಬೆರಳೂ ಕೂಡಿ ಎಳೆಯ ಬಳ್ಳಿಯ ತುದಿ ಹಿಡಿದವು. ಒಂದು ಸುತ್ತು ಬಿಚ್ಚಿತು, ಇನ್ನೊಂದು ಸುತ್ತು. ಬಳ್ಳಿ ಕೈಗೆ ಬಂತು. ಅವಳು ಅಲ್ಲೇ ನಿಂತು ಅಳತೊಡಗಿದಳು.

"ಯಾಕೆ ಅಳ್ತೀಯೆ? ಹೂವ ಉದುರಿಸ್ಬುಟ್ಯಾ?" ದೊಡ್ಡಮ್ಮ ಗಾಬರಿಯಿಂದ ಎದ್ದಳು.

"ಇಲ್ಲ ದೊಡ್ಡಮ್ಮ. ಬಲಗೈ... ಬಲಗೈಲಿ ಬಿಚ್ಚಿದೆ."

ಮುದುಕಿ ಆ ಕೈಯನ್ನು ಕಣ್ಣ ಹತ್ತಿರಕ್ಕೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಬೆಚ್ಚಗೈತೆ. ಬದುಕೈತೆ ಕಣೆ. ಆ ಕಡೆ ಮೂಲೇನೂ ಇದ್ರಲ್ಲೇ ಬಿಚ್ಚು" ಎಂದಳು.

ಅಂದು ಸಂಜೆ ಬಸವೇಶ ಬಂದಾಗ ಪ್ರೇಮಕುಮಾರಿ ಬಲಗೈಯಲ್ಲಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಿಡಿತ ಸಾಲದೆ ಅರ್ಧ ಕಾಫಿ ಚೆಲ್ಲಿತು. ಉಳಿದರ್ಧವನ್ನು ಅವನು ನಿಂತೇ ಕುಡಿದ. ಆಮೇಲೆ ಮಂಚದ ಕೆಳಗೆ ಬಗ್ಗಿ, ಟಾರ್ಚ್ ಬೆಳಕು ಬಿಟ್ಟು ರಬ್ಬರ್ ಚೆಂಡು ಹುಡುಕಿ ತಂದ.

ಚಳಿ ಬೀಳುವಷ್ಟರಲ್ಲಿ ಚಪ್ಪರ ತಿಳಿಯಾಯಿತು. ಅವರೆ ಮತ್ತೆ ಬೆಳಕು ಕಂಡು ತಡವಾಗಿಯಾದರೂ ಗೊಂಚಲು ಗೊಂಚಲಾಗಿ ಕಾಯಿ ಕಚ್ಚಿತು. ಬೆರಳುಗಳು ಮೊದಲಿನ ಹಾಗೇನೂ ಆಗಲಿಲ್ಲ. ಚಳಿಯಲ್ಲಿ ಕಿರುಬೆರಳು ಇನ್ನೂ ಮೊಂಡು ಹಿಡಿಯುತ್ತಿತ್ತು. ಆದರೂ ಅವಳು ಅಟ್ಟದಿಂದ ದಾರದ ಡಬ್ಬ ಇಳಿಸಿದಳು. ಮೊದಲು ತನ್ನದೇ ಹಳೆಯ ಸೀರೆಗೆ, ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ, ದಪ್ಪ ಕುಚ್ಚು ಹಾಕಿದಳು.

ಧನುರ್ಮಾಸದಲ್ಲಿ ಒಂದು ದಿನ ದೊಡ್ಡಮ್ಮ ನೆನೆಹಾಕಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅವಳನ್ನು ಕರೆದಳು. ಇಬ್ಬರೂ ಜಗಲಿಯಲ್ಲಿ ಕೂತು ಕಾಳು ಹಿದುಕತೊಡಗಿದರು. ಪ್ರೇಮಕುಮಾರಿಯ ಬೆರಳಿಂದ ಚಿಮ್ಮಿದ ಬೇಳೆ ಒಂದೆರಡು ಸಲ ಅಂಗಳಕ್ಕೇ ಹಾರಿತು.

"ನೀವು ಅವತ್ತು ಬೈದು ಕರೀದೆ ಇದ್ದಿದ್ರೆ ನಾನು ಇನ್ನೂ ಒಳಗೇ ಕೂತಿರ್ತಿದ್ದೆ, ದೊಡ್ಡಮ್ಮ. ನಿಮ್ಮ ಋಣ ಹೆಂಗೆ ತೀರಿಸ್ಲಿ?" ಎಂದಳು.

"ನಾನ್ ಕರ್ದಿದ್ದು ಅವರೆಕಾಯಿಗೆ ಕಣೆ, ನಿನ್ ಕೈಗಲ್ಲ" ಎಂದಳು ಮುದುಕಿ ತಲೆಯೆತ್ತದೆ. ಮಡಿಲಿಗೆ ಬಿದ್ದ ಸಿಪ್ಪೆ ಕೊಡವಿ ತಾನೇ ಮುಂದುವರಿಸಿದಳು: "ನಾನೂ ಮಗನ ಮನೇಲಿ ಒಬ್ಳೇ ಕುಂತು ಕುಂತು ಸಾಕಾಗಿತ್ತು. ದಿನಾ ಒತ್ತಾರೆ ನೀನ್ ಬತ್ತೀಯ ಅಂತ ಬೇಗ ಎದ್ದು ಕಾಯ್ತಿದ್ದೆ. ನಿನ್ನ ಆ ಹಾಳ್ ಬಳ್ಳಿಗೂ ಒಂದ್ ಕೈ ಮುಗೀಬೇಕು."

ಪ್ರೇಮಕುಮಾರಿ ಪಾತ್ರೆಯನ್ನು ಇಬ್ಬರ ನಡುವೆ ಸರಿಸಿ, ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು.