ತಳಘರದ ಸಿಗಾರ್

ನಿಲಂಗಾ ಪೇಟೆಯಲ್ಲಿ ಮನ್ಮಥಪ್ಪನ ತಂಬಾಕಿನ ಅಂಗಡಿಗೆ ಬೋರ್ಡು ಇರಲಿಲ್ಲ. ಬಜಾರದ ಮೂಲೆ ತಿರುಗಿದರೆ ಸಾಕು, ಘಾಟೇ ದಾರಿ ತೋರಿಸುತ್ತಿತ್ತು. ನಿಪ್ಪಾಣಿಯಿಂದ ಬಂದ ತಂಬಾಕಿನ ಪಿಂಡಿಯ ನಡುವಿನಿಂದ ಅವನು ಒಂದು ಎಲೆ ಎಳೆದು, ಹೆಬ್ಬೆರಳಿನಿಂದ ತಿಕ್ಕಿ ಮೂಗಿಗೆ ಹಿಡಿಯುತ್ತಿದ್ದ. ಎಲೆ ಎಷ್ಟು ದಿನ ಒಣಗಿದ್ದು, ದಾರಿಯಲ್ಲಿ ಮಳೆಗೆ ಸಿಕ್ಕಿತ್ತೋ ಇಲ್ಲವೋ, ಹಳೆಯದರ ಜೊತೆ ಹೊಸದನ್ನು ಬೆರೆಸಿದ್ದಾರೋ ಎಂಬುದನ್ನೆಲ್ಲ ಅಷ್ಟರಲ್ಲೇ ಹೇಳಿಬಿಡುತ್ತಿದ್ದ. ಮುರುಮ, ಉಮರ್ಗಾ ಕಡೆಯ ವ್ಯಾಪಾರಿಗಳೂ ತಮ್ಮ ಮಾಲು ಪರೀಕ್ಷೆ ಮಾಡಿಸಲು ಅವನಲ್ಲಿಗೆ ಬರುತ್ತಿದ್ದರು.

ಆದರೆ ಅವನು ಒಂದು ಬೀಡಿಯನ್ನೂ ಸೇದಿದವನಲ್ಲ. ಅದಕ್ಕೆ ಅವನ ತಂದೆ ಕಲ್ಯಾಣಪ್ಪ ಕಾರಣ. ಹನ್ನೆರಡನೆಯ ವಯಸ್ಸಿಗೆ ಅಂಗಡಿಯ ಗಾದಿಯ ಮೇಲೆ ಕೂರಿಸುವಾಗಲೇ ಹೇಳಿದ್ದ: "ಸೇದೋರ ಮೂಗು ವರ್ಷದಾಗ ಹೋಗ್ತದ. ನಮ್ಮ ಅಂಗಡಿ ನಡೆಯೋದು ಮೂಗಿನ ಮ್ಯಾಲ. ನೀ ಮುಟ್ಟಬ್ಯಾಡ." ಮನ್ಮಥಪ್ಪ ಮುಟ್ಟಲಿಲ್ಲ. ವಯಸ್ಸು ನಲವತ್ತೆಂಟಾದರೂ ಅವನಿಗೆ ಅದೊಂದು ವ್ರತ ಅನ್ನಿಸಿರಲಿಲ್ಲ. ನಿಯತ್ತಿನ ಹಾಲಿನವನು ಹಾಲಿಗೆ ನೀರು ಬೆರೆಸುವುದಿಲ್ಲವಲ್ಲ, ಅಷ್ಟೇ ಸಹಜ ಅದು ಎಂದುಕೊಂಡಿದ್ದ.

ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ನಿಲಂಗಾಕ್ಕೆ ಜಹೀರುದ್ದೀನ್ ಎಂಬ ಮುನ್ಸೀಫರು ಬಂದರು. ಮೂಲತಃ ಬೀದರಿನವರು, ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಕೋರ್ಟಿನಲ್ಲಿ ಬಹಳ ಬಿಗಿ ಮನುಷ್ಯ ಎಂದು ಹೆಸರಾಗಿದ್ದರು. ಅವರಿಗಿದ್ದ ಶೋಕಿ ಒಂದೇ. ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಸಿಗಾರ್ ಸೇದುತ್ತಿದ್ದರು. ಕ್ಯೂಬಾ ಎಂಬ ದ್ವೀಪದಿಂದ ಹಡಗಿನಲ್ಲಿ ಬಂದದ್ದು. ಸಿಕಂದರಾಬಾದಿನ ಇಂಗ್ಲಿಷರ ಅಂಗಡಿಯಿಂದ ತರಿಸಿದ್ದು. ನಿಲಂಗಾದ ಬೇಸಿಗೆಗೆ ಅವು ಒಣಗಿ, ಕೈಯಲ್ಲಿ ಹಿಡಿದರೆ ಜೋಳದ ರವದಿಯ ಹಾಗೆ ಸದ್ದು ಮಾಡತೊಡಗಿದವು. ಒಂದು ದಿನ ಮುನ್ಸೀಫರು ಪೆಟ್ಟಿಗೆ ಹಿಡಿದುಕೊಂಡು ತಾವೇ ಅಂಗಡಿಗೆ ಬಂದರು.

"ಮನ್ಮಥಪ್ಪಾ, ನಿಮ್ಮ ತಳಘರದಾಗ ಎಲಿ ಒಣಗೂದಿಲ್ಲ ಅಂತಾರ. ಖರೇನ?"

"ಒಣಗೂದಿಲ್ಲ ಸಾಹೇಬರ. ಕೆಡೂದೂ ಇಲ್ಲ. ಇವು ಚುಟ್ಟಾ ಏನ್ರಿ?"

"ಚುಟ್ಟಾ ಅಂದ್ರ ಇದು ಸಿಟ್ಟಿಗೇಳ್ತದ. ಸಿಗಾರ್ ಅನ್ರಿ."

ಅಂದಿನಿಂದ ಪೆಟ್ಟಿಗೆ ತಳಘರಕ್ಕೆ ಇಳಿಯಿತು. ಶುಕ್ರವಾರ ಬೆಳಿಗ್ಗೆ ಜವಾನ ಬಂದು ಒಂದನ್ನು ಒಯ್ಯುತ್ತಿದ್ದ. ಮನ್ಮಥಪ್ಪ ಮೂಲೆಯಲ್ಲಿ ನೀರಿನ ಮಣ್ಣಿನ ಗಡಿಗೆ ಇಟ್ಟು, ತಿಂಗಳಿಗೊಮ್ಮೆ ಸಿಗಾರುಗಳನ್ನು ಮಗ್ಗುಲು ಬದಲಿಸಿ ಇಡುತ್ತಿದ್ದ. ಮುನ್ಸೀಫರು ಕೊನೆಯದಾಗಿ ತರಿಸಿದ ಪೆಟ್ಟಿಗೆಯ ಜೊತೆ ಸಿಕಂದರಾಬಾದಿನ ಅಂಗಡಿಯವನು ಒಂದು ಮಾತು ಹೇಳಿ ಕಳಿಸಿದ್ದನಂತೆ: ಇವು ಇನ್ನೂ ಹಸಿ, ಹತ್ತು ವರ್ಷ ಇಟ್ಟರೆ ಬಂಗಾರವಾಗುತ್ತವೆ. ಮುನ್ಸೀಫರು ನಕ್ಕಿದ್ದರು. "ಹತ್ತು ವರ್ಷ ಕಾಯಲಿಕ್ಕೆ ಅವ ಇದನ್ನ ಕೋರ್ಟಿನ ದಿವಾಣಿ ದಾವೆ ಅಂತ ತಿಳ್ಕೊಂಡಾನೇನು?"

ಆ ಪೆಟ್ಟಿಗೆಯಲ್ಲಿ ಆರು ಮುಗಿದಿದ್ದವು. ಅಷ್ಟರಲ್ಲಿ ನಲವತ್ತೆಂಟರ ಸೆಪ್ಟೆಂಬರ್ ಬಂತು. ಭಾರತದ ದಂಡು ಬಂದು ಐದು ದಿನಗಳಲ್ಲಿ ನಿಜಾಮರ ರಾಜ್ಯ ಮುಗಿಯಿತು. ಅದರ ಹಿಂದಿನ ತಿಂಗಳುಗಳಲ್ಲಿ ಹೆದರಿ ಕೂತಿದ್ದ ಹಿಂದೂಗಳ ಓಣಿಗಳು ಬೇರೆ, ಈಗ ಹೆದರಿ ಕೂತ ಮುಸಲ್ಮಾನರ ಓಣಿಗಳು ಬೇರೆ. ಮುನ್ಸೀಫರ ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಮನೆಯಲ್ಲಿ ಅವರೂ ಮಗಳೂ ಇಬ್ಬರೇ. ಮನ್ಮಥಪ್ಪ ಅವರನ್ನು ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಹದಿನೇಳು ದಿನ ಇಟ್ಟುಕೊಂಡ. ಗದ್ದಲ ಸ್ವಲ್ಪ ತಣ್ಣಗಾದ ಮೇಲೆ ಕೊಲ್ಲಾರಿ ಬಂಡಿ ಕಟ್ಟಿಸಿದ. ಒಕ್ಕಲಿನ ನಾಗನಾಥ ಎತ್ತು ಹೊಡೆದ. ಮನ್ಮಥಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ಅವನ ಪಕ್ಕದಲ್ಲಿ ಕೂತ. ಹಿಂದೆ ತಟ್ಟಿನ ಮರೆಯಲ್ಲಿ ಅಪ್ಪ, ಮಗಳು. ದಾರಿಯಲ್ಲಿ ಎರಡು ಕಡೆ ಗುಂಪಿನವರು ಬಂಡಿ ನಿಲ್ಲಿಸಿದರು. ಎರಡೂ ಕಡೆ ಮನ್ಮಥಪ್ಪ, "ಮನಿ ಹೆಣಮಕ್ಕಳು ಅದಾರಪಾ" ಎಂದ. ಉದಗೀರ ಸ್ಟೇಷನ್ನಿನಲ್ಲಿ ಹೈದರಾಬಾದಿನ ರೈಲು ಹತ್ತಿಸಿ ಬಂದ. ಸಿಗಾರ್ ಪೆಟ್ಟಿಗೆ ಯಾರಿಗೂ ನೆನಪಾಗಲಿಲ್ಲ.

ಮನ್ಮಥಪ್ಪನಿಗೆ ನೆನಪಾದದ್ದು ಹದಿನೈದು ದಿನ ಬಿಟ್ಟು ತಳಘರಕ್ಕೆ ಇಳಿದಾಗ. ಹೈದರಾಬಾದಿನ ವಿಳಾಸ ಅವನಲ್ಲಿರಲಿಲ್ಲ. ಇಟ್ಟವರು ಬಂದು ಕೇಳುವವರೆಗೆ ನೋಡಿಕೊಳ್ಳಬೇಕು ಎಂದುಕೊಂಡು ಗಡಿಗೆಗೆ ನೀರು ಹಾಕಿದ. ಎಂಟು ವರ್ಷ ಹಾಕಿದ. ನಾಲ್ಕನೆಯ ವರ್ಷ ಸಿಗಾರುಗಳ ಮೈಮೇಲೆ ಬಿಳಿ ಹಿಟ್ಟಿನಂಥ ಪುಡಿ ಕಾಣಿಸಿತು. ಹೆಂಡತಿ ಲಲಿತಾಬಾಯಿ, "ಬೂಸಲು ಬಂದದ, ತಿಪ್ಪಿಗೆ ಒಗೀರಿ" ಎಂದಳು. ಅವನು ಮೂಸಿ ನೋಡಿದ. ಬೂಸಲಿನ ಮುಗ್ಗು ಇರಲಿಲ್ಲ. ಎಲೆಯೊಳಗಿನ ಎಣ್ಣೆ ಹೊರಗೆ ಬಂದು ನಿಂತಿದೆ, ಅಷ್ಟೇ. ಒರೆಸದೆ ಹಾಗೇ ಇಟ್ಟ.

ಐವತ್ತೇಳರ ಸಂಕ್ರಮಣದ ಮರುದಿನ ಬೆಳಿಗ್ಗೆ ಉದಗೀರ ಬಸ್ಸಿನಿಂದ ಒಬ್ಬ ಮುದುಕರು ಕೋಲು ಊರಿಕೊಂಡು ಇಳಿದರು. ನಿಲಂಗಾ ಮುಂಬಯಿ ರಾಜ್ಯಕ್ಕೆ ಸೇರಿ ಎರಡೂವರೆ ತಿಂಗಳಾಗಿತ್ತು. ಕಚೇರಿಯ ಬೋರ್ಡು ಬದಲಾಗಿತ್ತು, ಭಾಲ್ಕಿಯಲ್ಲಿದ್ದ ಮನ್ಮಥಪ್ಪನ ಮಗಳ ಮನೆ ಈಗ ಮೈಸೂರು ರಾಜ್ಯದಲ್ಲಿತ್ತು. ಮುದುಕರು ಮೊದಲು ದರ್ಗಾದ ಹಿಂದಿನ ಖಬರಸ್ತಾನಕ್ಕೆ ಹೋಗಿ, ಹೆಂಡತಿಯ ಗೋರಿಯ ಹತ್ತಿರ ಒಂದು ತಾಸು ಕೂತು, ಆಮೇಲೆ ತಂಬಾಕಿನ ಅಂಗಡಿಗೆ ಬಂದರು.

ಮನ್ಮಥಪ್ಪ ಗಾದಿಯಿಂದ ಎದ್ದು ಬಂದು ಮುನ್ಸೀಫರ ಎರಡೂ ಕೈ ಹಿಡಿದ. ಆಮೇಲೆ ಮನೆಗೆ ಕರೆದುಕೊಂಡು ಹೋದ.

ಲಲಿತಾಬಾಯಿ ಎಳ್ಳಿನ ಹೋಳಿಗೆ ಬಡಿಸಿದಳು. ಮುನ್ಸೀಫರು ಎರಡು ತಿಂದರು.

"ಏಲಕ್ಕಿ ಜಾಸ್ತಿ ಆಯ್ತೇನ್ರಿ ಸಾಹೇಬರ?" ಎಂದು ಅವಳು ಕೇಳಿದಳು.

ಅವರು ಸುಳ್ಳು ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. "ನಂಗ ಗೊತ್ತಾಗೂದಿಲ್ಲಮ್ಮಾ. ಎರಡು ವರ್ಷದ ಹಿಂದ ದೊಡ್ಡ ಜ್ವರ ಬಂತು. ಜ್ವರ ಬಿಡ್ತು, ಮೂಗು ಹೋತು. ನಾಲಿಗಿಗೆ ಸಿಹಿ ತಿಳೀತದ, ಉಪ್ಪು ತಿಳೀತದ. ಮಿಕ್ಕಿದ್ದೆಲ್ಲಾ ಮಣ್ಣ."

ಮನ್ಮಥಪ್ಪ ಊಟದ ನಡುವೆಯೇ ಕೈ ನಿಲ್ಲಿಸಿದ. ಮೂಗು ಇಲ್ಲದ ಮನುಷ್ಯನ ದಿನ ಹೇಗಿರುತ್ತದೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಪೆಟ್ಟಿಗೆಯ ವಿಷಯ ಹೇಳಬೇಕೋ ಬೇಡವೋ ಎಂದು ಕೈ ತೊಳೆಯುವವರೆಗೆ ಯೋಚಿಸಿದ. ಹೇಳದಿದ್ದರೆ ಅದು ಬಚ್ಚಿಟ್ಟ ಹಾಗೆ. ತಳಘರಕ್ಕೆ ಇಳಿದು ತಂದು ಅವರ ಮುಂದಿಟ್ಟ.

ಮುನ್ಸೀಫರು ಮುಚ್ಚಳ ತೆಗೆದರು. ಹತ್ತೊಂಬತ್ತು ಸಿಗಾರು, ಬಂಗಾರದ ಕಾಗದದ ಉಂಗುರ ತೊಟ್ಟುಕೊಂಡು ಮಲಗಿದ್ದವು. ಒಂದನ್ನು ಎತ್ತಿ ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತಿದಲ್ಲಿ ತಗ್ಗಿ ಮತ್ತೆ ಮೇಲೆದ್ದಿತು. ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದರು; ಹಾಗೇ ಕೆಳಗಿಳಿಸಿದರು.

"ಎಂಟು ವರ್ಷ ನೀರು ಹಾಕೀರಿ?"

"ಒಂದು ಗಡಿಗಿ ನೀರು. ಅದೇನು ದೊಡ್ಡದಲ್ರಿ."

"ಈಗ ಹಣ್ಣಾಗ್ಯಾವ ನೋಡ್ರಿ. ಅಂಗಡಿಯವ ಹೇಳಿದ್ದು ಖರೆ ಇತ್ತು. ಹಸಿ ಇದ್ದಾಗ ಆರು ಸುಟ್ಟೆ, ಈಗ…" ಹೊರಗಿನ ಅಂಗಳ ನೋಡಿದರು. ಆಮೇಲೆ ತಿರುಗಿ, "ಮನ್ಮಥಪ್ಪಾ, ಒಂದು ಮಾತು ಕೇಳ್ತೀನಿ. ಆಗೂದಿಲ್ಲ ಅಂದ್ರ ಸಿಟ್ಟಿಲ್ಲ. ನೀವು ಸೇದ್ರಿ. ಹ್ಯಾಂಗದ ಅಂತ ನನಗ ಹೇಳ್ರಿ. ಈ ಜಿಲ್ಲಾದಾಗ ನಿಮ್ಮಂಥ ಮೂಗು ಇನ್ನೊಂದಿಲ್ಲ" ಎಂದರು.

ಮನ್ಮಥಪ್ಪ ಬಾಗಿಲ ಕಡೆ ನೋಡಿದ. ಲಲಿತಾಬಾಯಿ ಅಲ್ಲೇ ನಿಂತಿದ್ದಳು. ಅವನ ತಂದೆಯ ಮಾತು ಅವಳಿಗೂ ಗೊತ್ತು.

"ಒಂದಕ್ಕ ಹೋಗ್ತದೇನ್ರಿ ಮೂಗು?" ಎಂದಳು ಅವಳು. "ಸಾಹೇಬರು ಎಷ್ಟ ದೂರದಿಂದ ಬಂದಾರ."

ಅಂಗಳದ ಬಿಸಿಲಿನಲ್ಲಿ ಎರಡು ಕುರ್ಚಿ ಹಾಕಿದರು. ಅಡಿಕೆ ಕತ್ತರಿಸುವ ಅಡಕೊತ್ತಿನಿಂದ ಮುನ್ಸೀಫರೇ ತುದಿಯನ್ನು ಉಗುರಿನಷ್ಟು ಕತ್ತರಿಸಿಕೊಟ್ಟರು. ಮನ್ಮಥಪ್ಪ ಕಡ್ಡಿ ಗೀರಿದರೆ, "ಅವಸರ ಬ್ಯಾಡ, ಮೊದಲು ಗಂಧಕ ಸುಟ್ಟು ಹೋಗಲಿ" ಎಂದರು. ಬೆಂಕಿಯನ್ನು ತಾಗಿಸದೆ, ತುದಿಯನ್ನು ಮೆಲ್ಲಗೆ ತಿರುಗಿಸುತ್ತ ಸುತ್ತಲೂ ಕೆಂಪಗಾಗುವವರೆಗೆ ಕಾಯಲು ಕಲಿಸಿದರು. "ಎದಿಗೆ ಎಳೀಬ್ಯಾಡ್ರಿ. ಬಾಯಾಗ ಇಟ್ಕೊಂಡು ಬಿಡ್ರಿ."

ಮೊದಲ ಸಲ ಮನ್ಮಥಪ್ಪ ಎದೆಗೇ ಎಳೆದ. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಲಲಿತಾಬಾಯಿ ತಂಬಿಗೆ ನೀರು ತಂದಳು. ಎರಡನೆಯದು ಬಾಯಲ್ಲಿ ನಿಂತಿತು.

ಮುನ್ಸೀಫರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. "ಹೇಳ್ರಿ."

"ಛಲೋ ಅದ."

"ಛಲೋ ಅನ್ನೂದು ಸಾಕ್ಷಿ ಅಲ್ಲ, ಅಭಿಪ್ರಾಯ. ಕಂಡಿದ್ದಷ್ಟೇ ಹೇಳ್ರಿ."

ಮನ್ಮಥಪ್ಪನಿಗೆ ನಗು ಬಂತು. ಹಾಗೇ ಗಂಭೀರನಾದ. ನಲವತ್ತಕ್ಕೂ ಹೆಚ್ಚು ವರ್ಷ ಸುಡದ ಎಲೆ ಮೂಸಿದವನಿಗೆ ಅದೇ ಎಲೆ ಹೊಗೆಯಾದ ಮೇಲೆ ಏನಾಗುತ್ತದೆಂದು ಇದೇ ಮೊದಲ ಸಲ ತಿಳಿಯುತ್ತಿತ್ತು. ಎಲೆಯಲ್ಲಿ ಮುಚ್ಚಿಕೊಂಡಿದ್ದದ್ದು ಬೆಂಕಿಯಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು. ಅವನು ಪದ ಹುಡುಕಿ ಹುಡುಕಿ ಹೇಳಿದ.

"ಮೊದಲಿಗೆ ಕಟಗಿ. ಸಾಗವಾನಿ ಪೆಟ್ಟಿಗಿ ಬಹಳ ದಿನದ ಮ್ಯಾಲ ತೆಗದಂಗ. ಒಳಗ ರೇಷ್ಮಿ ಇಟ್ಟಿದ್ದು ಇರ್ತದಲ್ರಿ, ಹಂಗ."

"ಘಾಟು?"

"ಇಲ್ಲ. ಇದ್ದದ್ದು ಸತ್ತದ. ಮೆಣಸಿನ ಕಾಳಿನಷ್ಟು, ನಾಲಿಗಿ ಹಿಂದ ಉಳದದ."

"ಹೂಂ. ಮುಂದ?"

ಬೂದಿ ಒಂದು ಬೆರಳುದ್ದವಾದರೂ ಬೀಳದೆ ನಿಂತಿತ್ತು. ಅರ್ಧ ತಾಸಿನ ಹೊತ್ತಿಗೆ ಹೊಗೆ ಬದಲಾಯಿತು. ಮುರುಮದ ಗಾಣದಲ್ಲಿ ಬೆಲ್ಲ ಪಾಕಕ್ಕೆ ಬರುವ ಮುಂಚಿನ ವಾಸನೆ ಎಂದ. ಮಳೆ ಬಿದ್ದ ಎರಡನೆಯ ದಿನದ ಕರಿಮಣ್ಣು ಎಂದ. ಮೊದಲ ದಿನದ್ದೋ ಎರಡನೆಯ ದಿನದ್ದೋ ಸರಿಯಾಗಿ ಹೇಳಿ ಎಂದು ಮುನ್ಸೀಫರು ಕೇಳಿದರು. ಎರಡನೆಯ ದಿನದ್ದೇ ಎಂದು ಅವನು ಗಟ್ಟಿಯಾಗಿ ಹೇಳಿದ. ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ರೇವಣಪ್ಪ ಬಾಗಿಲಲ್ಲಿ ನಿಂತು, ದಿನಾ ಲಿಂಗಪೂಜೆ ಮುಗಿಸದೆ ಹೊರಗೆ ಬಾರದ ಮನ್ಮಥಪ್ಪ ಹೊಗೆ ಬಿಡುತ್ತಿರುವುದನ್ನು ನೋಡಿ, ಬೇಗ ಬೇಗ ಮುಂದೆ ನಡೆದ.

ಆಮೇಲೆ ಒಂದು ವಾಸನೆಗೆ ಅವನಿಗೆ ಹೆಸರು ಸಿಗಲಿಲ್ಲ. "ಬೆಣ್ಣಿ ಅಲ್ಲ. ತುಪ್ಪ ಅಲ್ಲ. ಸುಟ್ಟದ್ದೂ ಹೌದು, ಸಿಹೀನೂ ಹೌದು…"

ಚಹಾ ತಂದ ಲಲಿತಾಬಾಯಿ ಅಲ್ಲೇ ನಿಂತು ಗಾಳಿ ಎಳೆದುಕೊಂಡಳು. "ಇದು ಗೊತ್ತಾಗ್ಲಿಲ್ಲೇನ್ರಿ? ಕುಳ್ಳಿನ ಒಲಿ ಮ್ಯಾಲ ಇಡೀ ದಿನ ಕಾಯೋ ಹಾಲು. ಸಂಜೀಕ ಕೆಂಪ ಕೆನಿ ಕಟ್ತದಲ್ಲ, ಅದು."

"ಅದಽ!" ಎಂದ ಮನ್ಮಥಪ್ಪ.

ಮುನ್ಸೀಫರು ಕಣ್ಣು ತೆರೆಯಲಿಲ್ಲ. "ನಮ್ಮ ಮನಿಯಾಕಿ ಹಂಗೇ ಕಾಸ್ತಿದ್ಲು" ಎಂದರು. "ಇನ್ನೊಮ್ಮೆ ಹೇಳಮ್ಮಾ."

ಲಲಿತಾಬಾಯಿ ಇನ್ನೊಮ್ಮೆ ಹೇಳಿದಳು. ಗಡಿಗೆ ಯಾವುದು, ಕುಳ್ಳು ಎಷ್ಟು, ಕೆನೆ ತೆಗೆಯುವಾಗ ಅಂಚಿಗೆ ಹತ್ತಿದ್ದನ್ನು ಕೆರೆದು ಮಕ್ಕಳಿಗೆ ಕೊಡುವುದು, ಎಲ್ಲ ಹೇಳಿದಳು.

ಸಿಗಾರ್ ಮುಗಿಯಲು ಒಂದೂವರೆ ತಾಸು ಹಿಡಿಯಿತು. ಬಸ್ಸಿನ ಹೊತ್ತಾಯಿತು. ಪೆಟ್ಟಿಗೆಯನ್ನು ಅವರ ಕೈಚೀಲದಲ್ಲಿ ಇಡಲು ಹೋದರೆ ಮುನ್ಸೀಫರು ತಡೆದರು. "ಅಲ್ಲಿ ಒಯ್ದು ಏನು ಮಾಡ್ಲಿ? ಇಲ್ಲೇ ಇರಲಿ. ವರ್ಷಕ್ಕೊಂದು ಸೇದ್ರಿ. ಸೇದಿ ಕಾಗದ ಬರೀರಿ." ಈ ಸಲ ವಿಳಾಸ ಬರೆದುಕೊಟ್ಟರು.

ಮುಂದಿನ ಸಂತೆಯ ದಿನ ಮನ್ಮಥಪ್ಪ ಸ್ವಲ್ಪ ಅಂಜುತ್ತಲೇ ಪಿಂಡಿಯಿಂದ ಎಲೆ ಎಳೆದು ಮೂಸಿದ. ಕೆಳಗಿನ ಪದರಿನಲ್ಲಿ ಹಳೆಯ ಎಲೆ ತುರುಕಿದ್ದರು. ಹಿಡಿದುಹಾಕಿದ. ತಂದೆ ಹೇಳಿದ್ದು ತಪ್ಪು ಎಂದು ಅವನಿಗೆ ಅನ್ನಿಸಲಿಲ್ಲ; ವರ್ಷಕ್ಕೊಂದಕ್ಕೆ ಅದು ಹೇಳಿದ್ದಲ್ಲ ಅನ್ನಿಸಿತು.

ವರ್ಷಕ್ಕೊಂದರ ಲೆಕ್ಕ ದಸರೆಯಿಂದ ಎಂದುಕೊಂಡು, ಅದೇ ವರ್ಷ ದಸರೆಗೆ ಎರಡನೆಯದನ್ನು ಹಚ್ಚಿ, ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ ಎರಡು ಪುಟ ಬರೆದ. ಹೈದರಾಬಾದಿನಿಂದ ಬಂದ ಉತ್ತರ ಅವನ ಕಾಗದಕ್ಕಿಂತ ಉದ್ದವಿತ್ತು. ಮಗಳ ಅಕ್ಷರ, ಮಾತು ಮುನ್ಸೀಫರದು. ಜನವರಿಯಲ್ಲಿ ಮೆಣಸು ಕಾಳಿನಷ್ಟೇ ಇತ್ತು, ಈಗ ಬಾಯಿ ತುಂಬ ಇದೆಯೆಂದು ಬರೆದಿದ್ದೀರಿ, ಇದು ಹೇಗೆ ಸಾಧ್ಯ, ಊಟದಲ್ಲಿ ಏನಿತ್ತು, ಖಾರ ತಿಂದಿದ್ದಿರೇನು ಎಂದು ಪ್ರಶ್ನೆಗಳು. ಮನ್ಮಥಪ್ಪ ನೆನಪು ಮಾಡಿಕೊಂಡ. ಶೇಂಗಾದ ಖಾರ ತಿಂದಿದ್ದ. ತಪ್ಪಾಯಿತೆಂದು ಬರೆದ. ಐವತ್ತೆಂಟರ ದಸರೆಗೆ ಮೊಸರನ್ನ ಮಾತ್ರ ಉಂಡು ಕೂತ. ಆ ಕಾಗದಕ್ಕೆ ಮುನ್ಸೀಫರು ಒಂದೇ ಸಾಲು ಉತ್ತರಿಸಿದರು: ಈ ಸಲ ಬರೆದದ್ದು ನನಗೆ ಪೂರ್ತಿ ಸಿಕ್ಕಿತು.

ಐವತ್ತೊಂಬತ್ತರ ಮಳೆಗಾಲದಲ್ಲಿ ಮಗಳ ಕಾಗದ ಬಂತು. ಅಬ್ಬಾ ಶುಕ್ರವಾರ ಬೆಳಿಗ್ಗೆ ತೀರಿಕೊಂಡರು, ನಿಮ್ಮ ಕಾಗದಗಳು ಅವರ ದಿಂಬಿನ ಕೆಳಗೆ ಇದ್ದವು ಎಂದು ಬರೆದಿದ್ದಳು. ಮನ್ಮಥಪ್ಪ ಆ ದಿನ ಅಂಗಡಿ ತೆರೆಯಲಿಲ್ಲ.

ದಸರೆ ಬಂತು. ಸೇದಬೇಕೋ ಬೇಡವೋ ಎಂದು ಎರಡು ದಿನ ತೂಗಿದ. ಅವರು ಹೇಳಿದ್ದು ವರ್ಷಕ್ಕೊಂದು ಎಂದು. ನಾನು ಸತ್ತ ಮೇಲೆ ಬೇಡ ಎಂದು ಹೇಳಿರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹಚ್ಚಿದ. ಸಿಗಾರ್ ಹಿಂದಿನ ವರ್ಷಕ್ಕಿಂತಲೂ ಮೃದುವಾಗಿತ್ತು. ಆದರೆ ಬಾಯಲ್ಲಿ ಹೊಗೆ ತುಂಬಿದಾಗೆಲ್ಲ ಮಾತೂ ತುಂಬುತ್ತಿತ್ತು, ಹೇಳಲು ಎದುರಿಗೆ ಯಾರೂ ಇರಲಿಲ್ಲ. ಕಾಲು ಭಾಗ ಆಗುವಷ್ಟರಲ್ಲಿ ಅದನ್ನು ತಟ್ಟೆಯ ಅಂಚಿಗೆ ಇಟ್ಟುಬಿಟ್ಟ.

ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಿದ್ದ ಲಲಿತಾಬಾಯಿ ತಲೆಯೆತ್ತಿದಳು. "ಯಾಕ್ರಿ, ಆರಿ ಹೋಗ್ತದ."

"ಯಾರಿಗೆ ಹೇಳ್ಲಿ?"

ಅವಳು ಮೊರವನ್ನು ಎತ್ತಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. "ನನಗ ಹೇಳ್ರಿ. ನಾ ಸಾಹೇಬರಂಗ ಪ್ರಶ್ನಿ ಕೇಳೂದಿಲ್ಲ ಮತ್ತ."

"ಕೇಳು, ಕೇಳು" ಎಂದ ಮನ್ಮಥಪ್ಪ, ಸಿಗಾರ್ ಎತ್ತಿಕೊಳ್ಳುತ್ತ. "ಕೇಳಿದ್ರನ ಹೇಳಲಿಕ್ಕೆ ಬರ್ತದ."

ಅವಳು ಬೇಳೆಯಲ್ಲಿ ಸಿಕ್ಕ ಒಂದು ಹರಳನ್ನು ಆಚೆ ಎಸೆದು, ಹಾಗಾದರೆ ಈಗ ಏನು ಬರುತ್ತಿದೆ ಎಂದು ಕೇಳಿದಳು.