ಒಬ್ಬಳಿಗೊಂದು ಫ್ರಿಜ್ಜು

ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿದ್ದ ಹಿಮವನ್ನು ಮರದ ಸೌಟಿನ ಹಿಡಿಯಿಂದ ಕೆರೆಯುತ್ತಾ ಲಿಫ್ಟಕ್ಕ ಅರ್ಧ ಗಂಟೆಯಿಂದ ನಿಂತೇ ಇದ್ದಳು. ಹಿಮ ದಪ್ಪಗಾದಷ್ಟೂ ಅದು ಕರೆಂಟು ಜಾಸ್ತಿ ಎಳೆಯುತ್ತದೆ ಎಂದು ಎಲ್ಲೋ ಓದಿದ್ದಳು; ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಈ ಕೆಲಸ ತಪ್ಪಿದ್ದಿಲ್ಲ. ಕರಗಿದ ನೀರನ್ನು ಬಟ್ಟಲಿಗೆ ಹಿಡಿದು ಕಿಟಕಿಯ ಗಿಡಕ್ಕೆ ಹಾಕುವಳು. ಇಷ್ಟೆಲ್ಲ ಆರೈಕೆ ಮಾಡಿಸಿಕೊಳ್ಳುವ ಫ್ರಿಜ್ಜಿನೊಳಗೆ ಇದ್ದದ್ದಾದರೂ ಏನು ಅನ್ನಿ, ಅರ್ಧ ಬ್ರೆಡ್ಡು, ಎರಡು ಮೊಟ್ಟೆ, ಒಂದು ಲೋಟ ಹಾಲು.

ಅವಳು ದೊಡ್ಡಾಸ್ಪತ್ರೆಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಮೂವತ್ತು ವರ್ಷ ಗುಂಡಿ ಒತ್ತಿದವಳು. ನಿವೃತ್ತಿಯಾದ ಮೇಲೆ ನಾಲ್ಕನೇ ಮಹಡಿಯ ತನ್ನ ಮನೆಗೆ ಮೆಟ್ಟಿಲು ಹತ್ತಿಯೇ ಬರುತ್ತಾಳೆ. “ಏನ್ ಲಿಫ್ಟಕ್ಕ, ಲಿಫ್ಟಿನ ಜೊತೆ ಠೂ ಬಿಟ್ಟಿದ್ದೀರಾ?” ಎಂದು ಎದುರುಮನೆಯ ಬೇಕರಿಯವಳು ಕಿಚಾಯಿಸಿದರೆ, “ಇಷ್ಟು ವರ್ಷ ಕೂತು ಕಾಲಿಗೆ ತುಕ್ಕು ಹಿಡಿದಿದೆ ಕಣೇ,” ಎಂದು ನಗುವಳು. ನಿಜವಾದ ಕಾರಣ ಬೇರೆ. ಅವಳ ನೌಕರಿಯ ಕೊನೆಯ ಬೇಸಿಗೆಯಲ್ಲಿ ಹಿಂದೆಂದೂ ಕಾಣದ ಬಿಸಿಲು ಬಿತ್ತು. ಬಿಸಿಲು ಬಡಿದವರನ್ನು ಸ್ಟ್ರೆಚರಿನಲ್ಲಿ ಮೇಲಕ್ಕೆ ಒಯ್ದಳು. ಕೆಲವರನ್ನು ಕೆಳಕ್ಕೆ ತರುವಾಗ ಮುಖ ಮುಚ್ಚಿತ್ತು. ಭೂಮಿ ಹೀಗೇಕೆ ಕಾಯುತ್ತಿದೆ ಎಂದು ಡಾಕ್ಟರುಗಳು ಮಾತಾಡಿಕೊಂಡದ್ದನ್ನೆಲ್ಲ ಕಿವಿಗೆ ಹಾಕಿಕೊಂಡಳು. ಅಂದಿನಿಂದ ಅವಳ ಮನೆಯಲ್ಲಿ ಒಂದೇ ದೀಪ, ಅದೂ ಅವಳ ಹಿಂದೆಯೇ ಕೋಣೆಯಿಂದ ಕೋಣೆಗೆ ಬರುವಂತೆ. ಹೊಸ ಬಟ್ಟೆ ತೆಗೆದು ಐದು ವರ್ಷವಾಗಿತ್ತು.

ಈ ಕಟ್ಟುನಿಟ್ಟು ಅವಳಿಂದ ಒಬ್ಬಳನ್ನು ದೂರ ಮಾಡಿತ್ತು: ಒಡಹುಟ್ಟಿದ ತಂಗಿಯನ್ನು.

ತಂಗಿ ಬೇರೆ ಊರಿನಲ್ಲಿ ಇವಳ ಹಾಗೆಯೇ ಒಂಟಿ. ಕಿವಿ ಮಂದ, ಆದ್ದರಿಂದ ಫೋನಿಲ್ಲ, ಕಾಗದವೇ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಬಂದವಳು ಸ್ನಾನಕ್ಕಿಳಿದು ಬಿಸಿನೀರು ಬಿಟ್ಟುಕೊಂಡೇ ಇದ್ದಳು. ಎಂಟು ನಿಮಿಷ, ಹತ್ತು ನಿಮಿಷ. ಲಿಫ್ಟಕ್ಕ ಮೂರು ಸಲ ಬಾಗಿಲು ಬಡಿದು, ಹೊರಗಿದ್ದ ಗೀಸರಿನ ಸ್ವಿಚ್ಚು ಆರಿಸಿಬಿಟ್ಟಳು. ಮೈತುಂಬ ಸೋಪಿನೊಡನೆ ತಣ್ಣೀರಿಗೆ ಸಿಕ್ಕಿದ ತಂಗಿ ಗಡಗಡ ನಡುಗುತ್ತಾ ಹೊರಬಂದಳು. “ಬಾಗಿಲು ಬಡಿದೆ, ನಿಂಗೇ ಕೇಳಿಸಲಿಲ್ಲ,” ಎಂದಳು ಅಕ್ಕ. ತಂಗಿ ತಲೆ ಒರೆಸಿಕೊಂಡು ಚೀಲ ಕಟ್ಟಿದಳು. ಮರುದಿನ ಮೊದಲ ಬಸ್ಸಿಗೆ ಹೊರಟುಹೋದಳು.

ಆರು ತಿಂಗಳಾದ ಮೇಲೆ ಅವಳ ಕಾಗದ ಬಂತು. “ನೀನೂ ಒಬ್ಬಳೇ, ನಾನೂ ಒಬ್ಬಳೇ. ನಾನು ಅಲ್ಲಿಗೇ ಬಂದುಬಿಡಲಾ? ನೀನು ಹೇಳಿದ ಹಾಗೆ ಇರುತ್ತೇನೆ.” ಲಿಫ್ಟಕ್ಕ ಉತ್ತರ ಬರೆಯಲು ಕೂತಾಗಲೆಲ್ಲ ಅದು ನಿಯಮಗಳ ಪಟ್ಟಿಯಾಗಿಬಿಡುತ್ತಿತ್ತು. ಫ್ಯಾನು ಇಷ್ಟು ಹೊತ್ತು, ನಲ್ಲಿ ಇಷ್ಟು ಹೊತ್ತು. ಹನ್ನೊಂದನೆಯ ನಿಯಮಕ್ಕೆ ಅವಳಿಗೇ ನಾಚಿಕೆಯಾಗಿ ಎತ್ತಿಡುವಳು. ಹೀಗೆ ಒಂದೂವರೆ ವರ್ಷ ಕಳೆಯಿತು.

“ಲಿಫ್ಟಕ್ಕಾ, ಪಟ್ಟಿ ಅಂಟಿಸಿದ್ದಾರೆ, ಬನ್ನಿ ಬನ್ನಿ!” ಬೇಕರಿಯವಳು ಬಾಗಿಲಲ್ಲೇ ಕೂಗಿದಳು.

ಎರಡನೇ ಮಹಡಿಯ ಟೀಚರಮ್ಮ ಕಟ್ಟಡದ ಹದಿನೆಂಟು ಮನೆಗಳಲ್ಲಿ ಯಾರು ಎಷ್ಟು ಕರೆಂಟು ಉರಿಸುತ್ತಾರೆಂದು ಮೂರು ತಿಂಗಳಿಂದ ಮೀಟರು ನೋಡಿ ಬರೆದುಕೊಂಡಿದ್ದಳು. ಕಡಿಮೆ ಉರಿಸುವವರಲ್ಲಿ ಮೊದಲ ಸ್ಥಾನ ತನ್ನದೇ ಎಂಬುದರಲ್ಲಿ ಲಿಫ್ಟಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸೌಟು ಕೆಳಗಿಟ್ಟು, ತಲೆ ಬಾಚಿಕೊಂಡೇ ಇಳಿದಳು.

ಪಟ್ಟಿಯ ಮೇಲ್ತುದಿಯಲ್ಲಿ ಅವಳ ಮನೆಯಿರಲಿಲ್ಲ. ಬೆರಳು ಕೆಳಗೆ ಜಾರುತ್ತಾ ಹೋಯಿತು. ಬೇಕರಿಯವಳ ಮನೆ ಮೂರನೆಯದು! ನೋಡುವವರಿಲ್ಲದೆ ಟೀವಿ ಬಡಬಡಿಸುವ ಮನೆ! ಅವಳದು ಹದಿನಾಲ್ಕನೆಯದು. ಅವಳಿಗಿಂತ ಕೆಳಗಿದ್ದವರು ಹಗಲಿಡೀ ಏಸಿ ಓಡಿಸುವ ನಾಲ್ಕು ಮನೆಯವರು ಮಾತ್ರ.

“ಟೀಚರಮ್ಮ, ಇದು ತಪ್ಪಾಗಿದೆ,” ಎಂದು ಅಲ್ಲೇ ನಿಂತಿದ್ದವಳತ್ತ ತಿರುಗಿದಳು.

“ಇಲ್ಲ ಅಮ್ಮ. ಇದು ತಲಾ ಲೆಕ್ಕ. ನಿಮ್ದು ತಿಂಗಳಿಗೆ ನಲವತ್ತೆರಡು ಯುನಿಟ್ಟು, ಒಬ್ಬರಿಗೆ. ಬೇಕರಿಯವರದು ನೂರಾ ತೊಂಬತ್ತು, ಏಳು ಜನಕ್ಕೆ. ಭಾಗಿಸಿ ನೋಡಿ.”

“ನಾನು ಕತ್ತಲಲ್ಲಿ ಕೂತು ಉಣ್ತೀನಿ ಕಣಮ್ಮ!”

“ಗೊತ್ತು. ಆದ್ರೆ ಫ್ರಿಜ್ಜಿಗೆ ಮನೇಲಿ ಒಬ್ರಿದ್ದಾರೋ ಏಳು ಜನ ಇದ್ದಾರೋ ಗೊತ್ತಾಗಲ್ವಲ್ಲ, ಅದರ ಪಾಡಿಗೆ ಅದು ಓಡ್ತಿರುತ್ತೆ. ಒಬ್ರೇ ಇದ್ರೆ ಇಷ್ಟಕ್ಕಿಂತ ಕಡಿಮೆ ಮಾಡೋದು ಕಷ್ಟ ಅಮ್ಮ.”

“ಬೇಕಾದ್ರೆ ನಮ್ಮತ್ತೆನ ಕಳಿಸ್ತೀನಿ, ಇಟ್ಕೊಳ್ಳಿ, ಹಂಚ್ಕೊಂಡಂಗಾಗುತ್ತೆ!” ಎಂದು ಬೇಕರಿಯವಳು ನಕ್ಕಳು. ಲಿಫ್ಟಕ್ಕನ ಮುಖ ನೋಡಿ ನಗು ನುಂಗಿದಳು. “ತಮಾಷೆಗಂದೆ ಅಕ್ಕ.”

ಲಿಫ್ಟಕ್ಕ ಮೆಟ್ಟಿಲು ಹತ್ತಿದಳು. ಒಂದನೇ ಮಹಡಿಯಲ್ಲಿ ಯಾರೋ ಟವೆಲಿಗಾಗಿ ಕೂಗುತ್ತಿದ್ದರು. ಮೂರರಲ್ಲಿ ಗಂಡಹೆಂಡಿರ ಜಗಳ, ಮಧ್ಯೆ ತಟ್ಟೆಯ ಸದ್ದು. ನಾಲ್ಕರಲ್ಲಿ ತನ್ನ ಬಾಗಿಲು ತೆರೆದಾಗ ಒಳಗೆ ಏನೂ ಕೇಳಿಸಲಿಲ್ಲ. ಈ ನಿಶ್ಶಬ್ದವನ್ನೂ ಅವಳು ಇಷ್ಟು ದಿನ ಉಳಿತಾಯವೆಂದೇ ಎಣಿಸಿದ್ದಳು.

ಕುರ್ಚಿಯಲ್ಲಿ ಕೂತಳು. ಮೂರು ಸಲ ಬಾಗಿಲು ಬಡಿದದ್ದು ನಿಜ. ಆದರೆ ಕೇಳಿಸದವಳ ಬಾಗಿಲು ಬಡಿದದ್ದು ಯಾರಿಗೆ ತೋರಿಸಲು? ತಂಗಿ ಇಲ್ಲಿ ಬಂದಿದ್ದ ಆ ನಾಲ್ಕು ದಿನ ಒಂದೇ ದೀಪದಡಿ ಇಬ್ಬರೂ ಕೂತು ಬಟ್ಟೆ ಮಡಚಿದ್ದರು. ಆಗ ದೀಪ ಹೆಚ್ಚೇನೂ ಉರಿಯಲಿಲ್ಲ.

ಹಳೆಯ ನಿಯಮಗಳ ಹಾಳೆಯ ಹಿಂಬದಿ ಖಾಲಿಯಿತ್ತು. ಹಾಳೆ ಹಾಳುಮಾಡುವವಳಲ್ಲವಲ್ಲ, ಅದರ ಮೇಲೆಯೇ ಬರೆಯಲು ಹೊರಟಳು. ಬೇಡವೆನಿಸಿ ಹೊಸ ಹಾಳೆ ತೆಗೆದಳು.

“ನೀನು ಬರಲಾ ಎಂದು ಕೇಳಿ ಒಂದೂವರೆ ವರ್ಷವಾಯಿತು. ಅವತ್ತು ನಿನಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಸ್ವಿಚ್ಚು ಆರಿಸಿದೆ. ತಪ್ಪು ನನ್ನದು. ಈಗಲೂ ಮನಸ್ಸಿದ್ದರೆ ಬಾ. ನಿನಗೆ ಊರು ಬಿಡಲು ಆಗದಿದ್ದರೆ ನಾನೇ ನಿನ್ನಲ್ಲಿಗೆ ಬರುತ್ತೇನೆ, ಈ ಫ್ರಿಜ್ಜನ್ನು ಬೇಕಾದವರಿಗೆ ಕೊಟ್ಟು. ಬಿಸಿನೀರಿನ ವಿಷಯ ಎದುರಿಗೆ ಕೂತು ಜಗಳವಾಡೋಣ.”

ಮತ್ತೊಮ್ಮೆ ಓದಿದರೆ ಎತ್ತಿಟ್ಟುಬಿಡುತ್ತೇನೆಂಬ ಭಯಕ್ಕೆ ಓದದೆಯೇ ಲಕೋಟೆ ಅಂಟಿಸಿ ಕೆಳಗಿಳಿದಳು. ಬೀದಿಯ ಮೂಲೆಯಲ್ಲಿ ಅಂಚೆಯವನು ಆಗಲೇ ಡಬ್ಬಿಯ ಬೀಗ ತೆಗೆದು ಕಾಗದಗಳನ್ನು ಚೀಲಕ್ಕೆ ಸುರಿಯುತ್ತಿದ್ದ.

“ಹಾಕಿ ಅಮ್ಮ, ಹೊರಡ್ಬೇಕು,” ಎಂದು ಚೀಲದ ಬಾಯಿ ಅಗಲಿಸಿದ.

ಅವಳು ಕಾಗದ ಬಿಡಲಿಲ್ಲ. “ಎಷ್ಟು ದಿನಕ್ಕೆ ಸೇರುತ್ತಪ್ಪ?”

“ನಾಡಿದ್ದು ಸೇರುತ್ತೆ. ಉತ್ತರ ಬರೋದು ಮಾತ್ರ ನನ್ನ ಕೈಲಿಲ್ಲ ನೋಡಿ.”

“ಅದು ನಂಗೂ ಗೊತ್ತು,” ಎಂದು ಬೆರಳು ಸಡಿಲಿಸಿದಳು. ಅವನು ಚೀಲದ ಬಾಯಿ ಕಟ್ಟಿ, ಸೈಕಲ್ಲಿಗೆ ತೂಗುಹಾಕಿ, ಬೀದಿಯ ತಿರುವಿನತ್ತ ತುಳಿಯತೊಡಗಿದ.